ಹೇಗೂ ಬೀಳುವ ಹಲ್ಲು

ಮಗುವಿನ ಮೊದಲ ಹಲ್ಲು ಬಿದ್ದ ದಿನ ನಮ್ಮ ಮನೆಗಳಲ್ಲಿ ಒಂದು ಸಣ್ಣ ಸಂಭ್ರಮ. ಬಿದ್ದ ಹಲ್ಲನ್ನು ಸಗಣಿಯ ಉಂಡೆಯಲ್ಲಿಟ್ಟು ಮಾಳಿಗೆಯ ಮೇಲೆ ಎಸೆಯಬೇಕು. ಹಾಗೆ ಎಸೆದರೆ ಹೊಸ ಹಲ್ಲು ಬೇಗ ಮತ್ತು ಚೆಂದಾಗಿ ಬರುತ್ತದೆ ಎಂಬುದು ಅಜ್ಜಿಯರ ಮಾತು. ಬಿದ್ದ ಹಲ್ಲಿಗೆ ಇಷ್ಟು ಮರ್ಯಾದೆ ಇದೆ. ಆದರೆ ಬೀಳುವ ಮುನ್ನವೇ ಬಾಯಲ್ಲಿ ಕೊಳೆಯುತ್ತಿರುವ ಹಲ್ಲಿಗೆ ಆ ಮರ್ಯಾದೆ ಇಲ್ಲ. ನಾಲ್ಕೈದು ವರ್ಷದ ಮಗುವಿನ ದವಡೆ ಹಲ್ಲು ಹುಳುಕಾಗಿ, ರಾತ್ರಿಯಿಡೀ ಅತ್ತು ಕೆನ್ನೆ ಊದಿದಾಗ ಹೆತ್ತವರು ದಂತವೈದ್ಯರ ಬಳಿ ಬರುತ್ತಾರೆ. ಹಲ್ಲು ಉಳಿಸಬಹುದು, ಇಷ್ಟು ಖರ್ಚಾಗುತ್ತದೆ ಎಂದು ವೈದ್ಯರು ಹೇಳಿದೊಡನೆ ಬರುವ ಪ್ರಶ್ನೆ ಒಂದೇ: ‘ಹ್ಯಾಂಗೂ ಬೀಳೂ ಹಲ್ಲಲ್ಲೇನ್ರೀ ಡಾಕ್ಟ್ರ, ಅದಕ್ಯಾಕ ಇಷ್ಟ ಖರ್ಚು?’

ಇದು ದಡ್ಡತನದ ಪ್ರಶ್ನೆಯಲ್ಲ. ವೈದ್ಯಶಾಸ್ತ್ರಕ್ಕೂ ಇದಕ್ಕೆ ಸರಿಯಾದ ಉತ್ತರ ಕಂಡುಕೊಳ್ಳಲು ಬಹಳ ಕಾಲ ಹಿಡಿಯಿತು. ಹುಬ್ಬಳ್ಳಿ ಮತ್ತು ಧಾರವಾಡದ ನಡುವಿನ ಸತ್ತೂರಿನಲ್ಲಿ 1986ರಿಂದ ಒಂದು ದಂತ ವೈದ್ಯಕೀಯ ಕಾಲೇಜು ಇದೆ. ಅಲ್ಲಿ ಮಕ್ಕಳ ಹಲ್ಲಿಗಾಗಿಯೇ ಒಂದು ವಿಭಾಗವೂ ಇದೆ. ಮಕ್ಕಳ ಹಾಲುಹಲ್ಲಿಗೆಂದು ಪ್ರತ್ಯೇಕ ಶಾಸ್ತ್ರವೊಂದು ಏಕೆ ಬೇಕಾಯಿತು, ಅದು ಹೇಗೆ ಬೆಳೆಯಿತು ಎಂಬುದು ಕುತೂಹಲದ ಕಥೆ. ಅದರಲ್ಲಿ ಬೆಲ್ಲ, ಲವಂಗ, ಸುಣ್ಣ, ಪಾಷಾಣ, ಫಾರ್ಮಾಲಿನ್, ಸ್ಟೀಲು, ಸಿಮೆಂಟು ಎಲ್ಲವೂ ಬರುತ್ತವೆ.

ಆರು ವರ್ಷದ ಲೆಕ್ಕ

ಮೊದಲು ಲೆಕ್ಕ ಸರಿಮಾಡಿಕೊಳ್ಳೋಣ. ಮಗುವಿಗೆ ಹಾಲುಹಲ್ಲು 20. ಅವುಗಳಲ್ಲಿ ದವಡೆ ಹಲ್ಲು ಎಂಟು. ಆರೇಳು ವರ್ಷಕ್ಕೆ ಬೀಳುವವು ಮುಂದಿನ ಹಲ್ಲುಗಳು ಮಾತ್ರ. ನಗುವಾಗ ಕಾಣುವವೂ ಅವೇ ಆದ್ದರಿಂದ ಎಲ್ಲ ಹಾಲುಹಲ್ಲುಗಳೂ ಆ ವಯಸ್ಸಿಗೇ ಬೀಳುತ್ತವೆ ಎಂಬ ಭಾವನೆ ಜನರಲ್ಲಿ ಬೇರೂರಿದೆ. ವಾಸ್ತವದಲ್ಲಿ ಹಾಲಿನ ದವಡೆ ಹಲ್ಲುಗಳು ಬೀಳುವುದು ಸುಮಾರು ಒಂಬತ್ತರಿಂದ ಹನ್ನೆರಡನೆಯ ವರ್ಷದೊಳಗೆ. ಅಂದರೆ ಐದನೆಯ ವರ್ಷಕ್ಕೆ ಹುಳುಕಾದ ಹಲ್ಲು ಇನ್ನೂ ಐದಾರು ವರ್ಷ ರೊಟ್ಟಿ ಅಗಿಯಬೇಕಾಗಿದೆ. ಒಂದನೆಯ ಇಯತ್ತೆಯ ಮಗು ಆರನೆಯ ಇಯತ್ತೆಗೆ ಬರುವಷ್ಟು ಕಾಲ ಅದು.

ಅಗಿಯುವುದಷ್ಟೇ ಅದರ ಕೆಲಸವಲ್ಲ. ಆರನೆಯ ವರ್ಷಕ್ಕೆ ಬಾಯಿಯ ಕೊನೆಯಲ್ಲಿ, ಯಾವ ಹಲ್ಲೂ ಬೀಳದೆಯೇ, ಸದ್ದಿಲ್ಲದೆ ಒಂದು ಶಾಶ್ವತ ದವಡೆ ಹಲ್ಲು ಮೂಡುತ್ತದೆ. ಅದರ ಮುಂದಿರುವ ಹಾಲುಹಲ್ಲನ್ನು ಅಕಾಲದಲ್ಲಿ ಕಿತ್ತರೆ ಈ ಹೊಸ ಹಲ್ಲು ಖಾಲಿ ಜಾಗಕ್ಕೆ ವಾಲುತ್ತಾ ಮುಂದೆ ಸರಿಯುತ್ತದೆ. ಬಸ್ಸಿನಲ್ಲಿ ಕರವಸ್ತ್ರ ಹಾಕಿ ಕಾಯ್ದಿರಿಸಿದ ಸೀಟನ್ನು ಬೇರೊಬ್ಬರು ಹಿಡಿದಂತೆ. ಹತ್ತು ಹನ್ನೊಂದು ವರ್ಷಕ್ಕೆ ಬರಬೇಕಾದ ಹಲ್ಲಿಗೆ ಜಾಗವಿಲ್ಲದಾಗಿ ಅದು ಓರೆಯಾಗಿ ಬರುತ್ತದೆ, ಇಲ್ಲವೆ ಒಳಗೇ ಉಳಿಯುತ್ತದೆ. ಇನ್ನೊಂದು ಸಂಗತಿಯೂ ಇದೆ. ಹಾಲಿನ ದವಡೆ ಹಲ್ಲಿನ ಬೇರುಗಳು ಕೋಳಿಯ ಕಾಲಿನಂತೆ ಅಗಲಕ್ಕೆ ಚಾಚಿಕೊಂಡಿರುತ್ತವೆ, ಮುಂದಿನ ಹಲ್ಲಿನ ಮೊಳಕೆ ಆ ಬೇರುಗಳ ನಡುವೆಯೇ ಬೆಳೆಯುತ್ತಿರುತ್ತದೆ. ಮೇಲಿನ ಹಲ್ಲಿನ ಕೀವು ಬೇರಿನ ಬುಡಕ್ಕಿಳಿದರೆ ಈ ಮೊಳಕೆಯ ಹೊರಕವಚ ಕೆಡಬಹುದು. ಹೊಸ ಹಲ್ಲು ಹಳದಿ ಅಥವಾ ಕಂದು ಕಲೆಯೊಂದಿಗೆ, ತಗ್ಗುಬಿದ್ದ ಮೇಲ್ಮೈಯೊಂದಿಗೆ ಹುಟ್ಟುವುದು ಇದರಿಂದಲೇ.

ಹಾಲುಹಲ್ಲು ಬೇಗ ಕೆಡುವುದಕ್ಕೂ ಕಾರಣವಿದೆ. ಅದರ ಹೊರಗಿನ ಗಟ್ಟಿ ಪದರ, ಅಂದರೆ ಎನಾಮಲ್, ದೊಡ್ಡವರ ಹಲ್ಲಿನ ಎನಾಮಲ್‌ಗಿಂತ ಸುಮಾರು ಅರ್ಧದಷ್ಟು ತೆಳು. ಒಳಗಿನ ತಿರುಳು, ಅಂದರೆ ನರ ಮತ್ತು ರಕ್ತನಾಳಗಳ ಮೃದು ಭಾಗ, ಹಲ್ಲಿನ ಗಾತ್ರಕ್ಕೆ ಹೋಲಿಸಿದರೆ ದೊಡ್ಡದು ಮತ್ತು ಮೇಲ್ಮೈಗೆ ಹತ್ತಿರ. ಹೀಗಾಗಿ ದೊಡ್ಡವರಲ್ಲಿ ವರ್ಷಗಟ್ಟಲೆ ಹಿಡಿಯುವ ಹುಳುಕು ಮಕ್ಕಳಲ್ಲಿ ತಿಂಗಳುಗಳಲ್ಲಿ ತಿರುಳಿಗೆ ಮುಟ್ಟಬಹುದು.

ಹುಳುಕಿನೊಳಗಿನ ಹುಳ

ಹುಳುಕು ಎಂಬ ನಮ್ಮ ಪದದಲ್ಲೇ ಹುಳ ಇದೆ. ‘ಹಲ್ಲಿಗೆ ಹುಳ ಹತ್ತೇತಿ’ ಎಂದು ಇಂದಿಗೂ ಹೇಳುತ್ತೇವೆ. ಇದು ನಮ್ಮ ನಂಬಿಕೆ ಮಾತ್ರವಲ್ಲ. ಪುರಾತನ ಬ್ಯಾಬಿಲೋನಿಯದ ಜೇಡಿಮಣ್ಣಿನ ಫಲಕವೊಂದರಲ್ಲಿ, ತಿನ್ನಲು ಹಣ್ಣು ಕೊಡುತ್ತೇನೆಂದರೂ ಒಪ್ಪದೆ ಮನುಷ್ಯನ ಹಲ್ಲು ವಸಡುಗಳ ನಡುವೆ ಜಾಗ ಬೇಡುವ ಹುಳದ ಕಥೆಯಿದೆ. ಸುಶ್ರುತ ಸಂಹಿತೆ ಹಲ್ಲಿನ ಎಂಟು ರೋಗಗಳನ್ನು ಹೆಸರಿಸುತ್ತದೆ. ಅವುಗಳಲ್ಲಿ ಒಂದು ‘ಕೃಮಿದಂತಕ’. ಹಲ್ಲು ಕಪ್ಪಾಗಿ, ತೂತಾಗಿ, ಅಲುಗಾಡಿ, ನೋಯುವ ಆ ವರ್ಣನೆಯನ್ನು ಓದಿದರೆ ಇಂದಿನ ವೈದ್ಯರೂ ರೋಗವನ್ನು ಗುರುತಿಸುತ್ತಾರೆ. ವಾಗ್ಭಟನ ಅಷ್ಟಾಂಗಹೃದಯ ಚಿಕಿತ್ಸೆಯನ್ನೂ ಹೇಳುತ್ತದೆ: ಹಲ್ಲಿನ ತೂತಿಗೆ ಬೆಲ್ಲ ಅಥವಾ ಜೇನುಮೇಣ ತುಂಬಿ, ಕಾದ ಸಲಾಕೆಯಿಂದ ಸುಡುವುದು. ಇಂದು ನಾವು ಹಲ್ಲಿನ ವೈರಿ ಎನ್ನುವ ಬೆಲ್ಲವೇ ಅಂದು ಹಲ್ಲಿಗೆ ತುಂಬುವ ಮದ್ದಾಗಿತ್ತು! ಆದರೆ ಬೆಲ್ಲ ಅಲ್ಲಿ ನೆಪ ಮಾತ್ರ. ಕರಗಿ, ಕುದಿದು, ನೋಯುವ ತಿರುಳನ್ನು ಸುಡುವುದೇ ಅದರ ಕೆಲಸ.

ಹಳ್ಳಿಗಳಲ್ಲಿ ನೆಲಗುಳ್ಳದ ಬೀಜವನ್ನು ಕೆಂಡದ ಮೇಲೆ ಹಾಕಿ, ಅದರ ಹೊಗೆಯನ್ನು ಬಾಯೊಳಗೆ ಹಿಡಿಸಿ ‘ಹುಳ ಬೀಳಿಸುವ’ ಪದ್ಧತಿ ಇತ್ತು. ಯುರೋಪಿನಲ್ಲೂ ಇದೇ ಚಿಕಿತ್ಸೆ, ಬೀಜ ಮಾತ್ರ ಬೇರೆ: ಹೆನ್‌ಬೇನ್ ಎಂಬ ಗಿಡದ್ದು. ಸೋಜಿಗವೆಂದರೆ ಎರಡೂ ನಮ್ಮ ಬದನೆಯ ಕುಟುಂಬದ ಗಿಡಗಳೇ. ಶಾಖಕ್ಕೆ ಬೀಜ ಒಡೆದು ಒಳಗಿನ ಬಿಳಿ ಮೊಳಕೆ ಹೊರಬಂದರೆ ಅದು ಥೇಟ್ ಹುಳದಂತೆ ಕಾಣುತ್ತದೆ. 1597ರಲ್ಲಿ ಇಂಗ್ಲೆಂಡಿನ ಜಾನ್ ಜೆರಾರ್ಡ್ ತನ್ನ ಸಸ್ಯಗ್ರಂಥದಲ್ಲಿ ಈ ಚಿಕಿತ್ಸೆಯ ಮೋಸವನ್ನು ಬಯಲು ಮಾಡಿದ. ಕೆಲವು ಚಾಲಾಕಿಗಳು ತಂತಿವಾದ್ಯದ ತಂತಿಯ ಚೂರುಗಳನ್ನು ನೀರಿಗೆ ಹಾಕಿ, ಇಗೋ ನಿಮ್ಮ ಹಲ್ಲಿನ ಹುಳ ಎಂದು ತೋರಿಸಿ ದುಡ್ಡು ಕೀಳುತ್ತಿದ್ದರಂತೆ.

1728ರಲ್ಲಿ ಫ್ರಾನ್ಸಿನ ಪಿಯರ್ ಫೋಶಾರ್ ದಂತವೈದ್ಯದ ಬಗ್ಗೆ ದೊಡ್ಡ ಗ್ರಂಥ ಬರೆದು, ಸೂಕ್ಷ್ಮದರ್ಶಕದಲ್ಲಿ ನೋಡಿದರೂ ತನಗೆ ಹುಳ ಕಾಣಲಿಲ್ಲ ಎಂದ. ಹುಳ ಹೋಯಿತು, ಆದರೆ ನಿಜವಾದ ಕಾರಣ ತಿಳಿಯಲು ಇನ್ನೂ 160 ವರ್ಷ ಬೇಕಾಯಿತು. ಬರ್ಲಿನ್ನಿನಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ವಿಲೋಬಿ ಮಿಲ್ಲರ್ 1890ರಲ್ಲಿ ಅದನ್ನು ವಿವರಿಸಿದ. ಬಾಯಲ್ಲಿರುವ ಸೂಕ್ಷ್ಮಜೀವಿಗಳು ಅನ್ನ, ರೊಟ್ಟಿ, ಸಕ್ಕರೆಯ ಅಂಶಗಳನ್ನು ಹುಳಿಯಾಗಿಸುತ್ತವೆ; ಆ ಆಮ್ಲ ಹಲ್ಲನ್ನು ಕರಗಿಸುತ್ತದೆ. 1924ರಲ್ಲಿ ಬ್ರಿಟನ್ನಿನ ಕಿಲಿಯನ್ ಕ್ಲಾರ್ಕ್ ಆ ಜೀವಿಗಳಲ್ಲಿ ಮುಖ್ಯವಾದುದನ್ನು ಗುರುತಿಸಿ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂದು ಹೆಸರಿಟ್ಟ. ಹುಳ ಇದ್ದದ್ದೇನೋ ನಿಜ, ಆದರೆ ಅದು ಬರಿಗಣ್ಣಿಗೆ ಕಾಣುವಂಥದ್ದಾಗಿರಲಿಲ್ಲ.

ಸುಡು, ಕೊಲ್ಲು, ಇಲ್ಲವೆ ಕೀಳು

ತಿರುಳು ಮುಟ್ಟಿದ ಹುಳುಕಿಗೆ ಬಹುಕಾಲ ಇದ್ದ ಮಾರ್ಗ ಮೂರೇ. ಒಂದು, ಕೀಳುವುದು. ಎರಡು, ಸುಡುವುದು. ಮೂರು, ವಿಷವಿಟ್ಟು ಕೊಲ್ಲುವುದು. 1836ರಲ್ಲಿ ಅಮೆರಿಕದ ಸ್ಪೂನರ್ ಎಂಬ ವೈದ್ಯ ತಿರುಳನ್ನು ಕೊಲ್ಲಲು ಪಾಷಾಣ, ಅಂದರೆ ಆರ್ಸೆನಿಕ್, ಬಳಸುವಂತೆ ಸಲಹೆಯಿತ್ತ. ನೋವು ಹೋಗುತ್ತಿತ್ತು. ಆದರೆ ಪಾಷಾಣ ಸೋರಿದರೆ ವಸಡೂ ಮೂಳೆಯೂ ಸಾಯುತ್ತಿದ್ದವು. ಇವುಗಳ ನಡುವೆ ಬೇರೆ ದಾರಿ ಹಿಡಿದವನು ಪ್ರಷ್ಯದ ದೊರೆ ಫ್ರೆಡರಿಕ್ಕನ ದಂತವೈದ್ಯ ಫಿಲಿಪ್ ಫಾಫ್. ತೆರೆದುಕೊಂಡ ತಿರುಳನ್ನು ಕೊಲ್ಲದೆ, ಅದರ ಮೇಲೆ ಚಿನ್ನದ ತಗಡನ್ನು ಬಟ್ಟಲಿನಂತೆ ಕವುಚಿ ಮುಚ್ಚುವುದನ್ನು 1756ರಲ್ಲೇ ಅವನು ವಿವರಿಸಿದ್ದ. ಕೊಲ್ಲಬೇಕೋ ಕಾಪಾಡಬೇಕೋ ಎಂಬ ಈ ಜಗಳವೇ ಮುಂದಿನ ಇನ್ನೂರೈವತ್ತು ವರ್ಷಗಳ ಇತಿಹಾಸ.

ಕಾಪಾಡುವವರ ಪಕ್ಷಕ್ಕೆ 1920ರಲ್ಲಿ ಜರ್ಮನಿಯ ಹರ್ಮನ್ ಒಂದು ಹೊಸ ಮದ್ದು ತಂದ. ಅದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ನಾವು ಎಲೆಗೆ ಹಚ್ಚುವ ಸುಣ್ಣದ ಶುದ್ಧ ರೂಪ. ದೊಡ್ಡವರ ಹಲ್ಲಿನ ತಿರುಳಿನ ಮೇಲೆ ಇದನ್ನಿಟ್ಟರೆ ಅಡಿಯಲ್ಲಿ ಹೊಸ ಗಟ್ಟಿ ಪದರ ಬೆಳೆಯುತ್ತಿತ್ತು. ಆದರೆ ಹಾಲುಹಲ್ಲಿನಲ್ಲಿ ಸುಣ್ಣ ಕೈಕೊಟ್ಟಿತು. ಅನೇಕ ಹಲ್ಲುಗಳು ಒಳಗಿನಿಂದಲೇ ಕರಗತೊಡಗಿದವು. ಹಾಲುಹಲ್ಲಿನ ಬೇರು ಕಾಲ ಬಂದಾಗ ಕರಗಲೆಂದೇ ಹುಟ್ಟಿದ್ದು. ಅದಕ್ಕೆ ಕಾರಣವಾಗುವ ಜೀವಕೋಶಗಳು ಸಣ್ಣ ಪ್ರಚೋದನೆಗೂ ಎಚ್ಚರಗೊಳ್ಳುತ್ತವೆ. ಮಕ್ಕಳ ಹಲ್ಲು ದೊಡ್ಡವರ ಹಲ್ಲಿನ ಸಣ್ಣ ಪ್ರತಿಯಲ್ಲ, ಅದರ ನಡವಳಿಕೆಯೇ ಬೇರೆ ಎಂಬುದು ವೈದ್ಯರಿಗೆ ಮನವರಿಕೆಯಾದದ್ದು ಇಂಥ ಸೋಲುಗಳಿಂದ.

ಫಾರ್ಮಾಲಿನ್ನಿನ ಕಾಲ

ಕಾಲೇಜಿನ ಪ್ರಯೋಗಶಾಲೆಯ ಸೀಸೆಯಲ್ಲಿ ಕಪ್ಪೆ, ಹಾವುಗಳನ್ನು ಕೆಡದಂತೆ ಇಟ್ಟಿರುವುದನ್ನು ಎಲ್ಲರೂ ನೋಡಿರುತ್ತಾರೆ. ಆ ದ್ರವದಲ್ಲಿರುವುದು ಫಾರ್ಮಾಲಿನ್. 1904ರಲ್ಲಿ ಅಮೆರಿಕದ ಬಕ್ಲಿ ಎಂಬಾತ ಫಾರ್ಮಾಲಿನ್ನಿಗೆ ಕ್ರಿಸಾಲ್ ಬೆರೆಸಿ ಫಾರ್ಮೊಕ್ರಿಸಾಲ್ ಎಂಬ ಮದ್ದು ಮಾಡಿದ. 1930ರಲ್ಲಿ ಚಾರ್ಲ್ಸ್ ಸ್ವೀಟ್ ಅದನ್ನು ಮಕ್ಕಳ ಹಾಲುಹಲ್ಲಿಗೆ ಬಳಸುವ ಕ್ರಮವನ್ನು ರೂಪಿಸಿದ. ಹಲ್ಲಿನ ಮೇಲ್ಭಾಗದ ಕೆಟ್ಟ ತಿರುಳನ್ನು ತೆಗೆದು, ಬೇರಿನೊಳಗಿನದನ್ನು ಹಾಗೆಯೇ ಬಿಟ್ಟು, ಅದರ ಬಾಯಿಗೆ ಈ ಮದ್ದು ಸೋಂಕಿಸುವುದೇ ಆ ಕ್ರಮ. ಪಲ್ಪಾಟಮಿ ಎಂದು ಕರೆಯುವ ಈ ಚಿಕಿತ್ಸೆಗೆ ಮೊದಲು ಹಲವು ಸಲ ಬರಬೇಕಿತ್ತು. 1960ರ ದಶಕದ ಹೊತ್ತಿಗೆ ಮದ್ದಿನ ಹತ್ತಿಯುಂಡೆಯನ್ನು ಐದು ನಿಮಿಷ ಇಟ್ಟರೆ ಸಾಕು, ಒಂದೇ ಭೇಟಿಯಲ್ಲಿ ಮುಗಿಯುತ್ತದೆ ಎಂದಾಯಿತು.

ಬೇರಿನೊಳಗೆ ಉಳಿದ ತಿರುಳು ಪೂರ್ತಿ ಜೀವಂತವೂ ಅಲ್ಲ, ಕೊಳೆಯುವುದೂ ಇಲ್ಲ. ಒಂದು ಬಗೆಯ ಮಮ್ಮಿಯಾಗುತ್ತದೆ. ವಿಚಿತ್ರವೆನಿಸಿದರೂ ಹಲ್ಲು ನೋಯದೆ, ಕೀವಾಗದೆ, ಬೀಳುವ ಕಾಲದವರೆಗೂ ನಿಲ್ಲುತ್ತಿತ್ತು. ಜಗತ್ತಿನ ಬಹುತೇಕ ದಂತ ಕಾಲೇಜುಗಳಲ್ಲಿ ಎರಡು ತಲೆಮಾರಿನ ವೈದ್ಯರು ಇದನ್ನೇ ಕಲಿತರು.

ಅನುಮಾನ ಹುಟ್ಟಿದ್ದು 1970ರ ದಶಕದ ಕೊನೆಯಲ್ಲಿ. ಕೋತಿಗಳ ಮೇಲಿನ ಪ್ರಯೋಗದಲ್ಲಿ, ಹಲ್ಲಿಗಿಟ್ಟ ಮದ್ದಿನ ಒಂದು ಸಣ್ಣ ಅಂಶ ರಕ್ತಕ್ಕೂ ಸೇರುತ್ತದೆ ಎಂದು ಕಂಡುಬಂತು. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಮುಖ್ಯವಾಗಿ ಅದನ್ನು ದೀರ್ಘಕಾಲ ಉಸಿರಾಡುವ ಕಾರ್ಮಿಕರನ್ನು ಗಮನದಲ್ಲಿಟ್ಟು ಮಾಡಿದ ತೀರ್ಮಾನ ಅದು. ಹಲ್ಲಿಗೆ ಬಳಸುವ ಅಲ್ಪ ಪ್ರಮಾಣದಿಂದ ಯಾವ ಮಗುವಿಗೂ ಕ್ಯಾನ್ಸರ್ ಬಂದ ಪುರಾವೆಯಿಲ್ಲ. ಆದ್ದರಿಂದ ಹಿಂದೆ ಈ ಚಿಕಿತ್ಸೆ ಪಡೆದವರು ಹೆದರಬೇಕಿಲ್ಲ. ಆದರೂ ಬೇರೆ ಮದ್ದು ಸಿಗುವಾಗ ಇದು ಏಕೆ ಎಂಬ ಪ್ರಶ್ನೆಯನ್ನು ಮುಂದೂಡಲು ಆಗಲಿಲ್ಲ.

ಸಿಮೆಂಟು ಬಂದ ಬಗೆ

ಉತ್ತರ ಬಂದದ್ದು ಯಾರೂ ನಿರೀಕ್ಷಿಸದ ಕಡೆಯಿಂದ. ಅಮೆರಿಕದ ಲೋಮಾ ಲಿಂಡಾ ವಿಶ್ವವಿದ್ಯಾಲಯದಲ್ಲಿದ್ದ, ಇರಾನ್ ಮೂಲದ ಮಹಮೂದ್ ತೊರಾಬಿನೆಜಾದ್ 1993ರಲ್ಲಿ ಎಂ.ಟಿ.ಎ. ಎಂಬ ಪುಡಿಯನ್ನು ಪರಿಚಯಿಸಿದರು. ಅದರ ಮುಖ್ಯ ಭಾಗ ಪೋರ್ಟ್‌ಲ್ಯಾಂಡ್ ಸಿಮೆಂಟು. ಬಾಗಲಕೋಟೆ, ವಾಡಿಗಳ ಸಿಮೆಂಟಿನಿಂದ ಮನೆ ಕಟ್ಟುವ ನಮಗೆ ಇದು ನಂಬಲಾಗದ ಮಾತು. ಆದರೆ ತರ್ಕ ಸರಳ. ಹಲ್ಲಿನೊಳಗೆ ಯಾವಾಗಲೂ ತೇವ. ಬೇರೆ ತುಂಬುಮದ್ದುಗಳಿಗೆ ತೇವವೇ ಶತ್ರು. ಸಿಮೆಂಟು ಗಟ್ಟಿಯಾಗುವುದೇ ನೀರು ಸೇರಿದಾಗ. ಸೋರದಂತೆ ಮುಚ್ಚುತ್ತದೆ, ಸುಣ್ಣದ ಗುಣವೂ ಅದರಲ್ಲಿದೆ, ತಿರುಳನ್ನು ಮಮ್ಮಿ ಮಾಡದೆ ಜೀವಂತವಾಗಿ ಇಡುತ್ತದೆ. (ಕಟ್ಟಡದ ಸಿಮೆಂಟಿನಲ್ಲಿ ಬೇರೆ ಲೋಹಗಳ ಕಲ್ಮಶವಿರುತ್ತದೆ. ಹಲ್ಲಿಗೆ ಬಳಸುವುದು ಶುದ್ಧಗೊಳಿಸಿ, ಎಕ್ಸ್‌ರೇಯಲ್ಲಿ ಕಾಣುವಂತೆ ಬಿಸ್ಮತ್ ಬೆರೆಸಿದ ಪುಡಿ.) 2017ರಲ್ಲಿ ಅಮೆರಿಕದ ಮಕ್ಕಳ ದಂತವೈದ್ಯರ ಅಕಾಡೆಮಿ ಹೊರಡಿಸಿದ ಮಾರ್ಗಸೂಚಿ ಯಶಸ್ಸಿನ ದೃಷ್ಟಿಯಿಂದ ಎಂ.ಟಿ.ಎ. ಮತ್ತು ಫಾರ್ಮೊಕ್ರಿಸಾಲ್ ಎರಡನ್ನೂ ಶಿಫಾರಸು ಮಾಡಿತ್ತು. ಸಿಮೆಂಟಿನ ದೊಡ್ಡ ಅಡ್ಡಿ ಎಂದರೆ ಅದರ ಬೆಲೆ.

ತಿರುಳು ಪೂರ್ತಿ ಸತ್ತು ಕೀವಾಗಿದ್ದರೆ ಪಲ್ಪಾಟಮಿ ಸಾಲದು. ಆಗ ಬೇರಿನ ಕಾಲುವೆಗಳನ್ನೂ ಶುಚಿಮಾಡಿ ತುಂಬಬೇಕು. ಇಲ್ಲಿಯೂ ಮಕ್ಕಳ ಹಲ್ಲಿನ ನಿಯಮ ಬೇರೆ. ದೊಡ್ಡವರಿಗೆ ತುಂಬುವ ರಬ್ಬರಿನಂಥ ವಸ್ತು ಕರಗುವುದಿಲ್ಲ. ಹಾಲುಹಲ್ಲಿಗೆ ತುಂಬಿದ್ದು ಬೇರಿನ ಜೊತೆಗೇ ಕರಗಿ, ಕೆಳಗಿನ ಹಲ್ಲಿಗೆ ದಾರಿ ಬಿಡಬೇಕು. ಅದಕ್ಕಾಗಿ ಬಳಕೆಯಾಗುವ ಮದ್ದುಗಳಲ್ಲಿ ಒಂದು ಸತುವಿನ ಪುಡಿಯನ್ನು ಲವಂಗದೆಣ್ಣೆಯ ಸಾರದಲ್ಲಿ ಕಲಸಿದ್ದು. ಹಲ್ಲು ನೋವಿಗೆ ಲವಂಗ ಕಚ್ಚಿಸುತ್ತಿದ್ದ ಅಜ್ಜಿಯ ಅಂದಾಜು ಪೂರ್ತಿ ತಪ್ಪಿರಲಿಲ್ಲ.

ಎರಡರಲ್ಲಿ ಯಾವುದು ಬೇಕೆಂದು ವೈದ್ಯರು ಹೇಗೆ ತಿಳಿಯುತ್ತಾರೆ? ಐಸ್‌ಕ್ರೀಮ್ ತಿಂದಾಗ ಜುಂ ಎಂದು ತಕ್ಷಣ ನಿಲ್ಲುವ ನೋವಾದರೆ ತಿರುಳು ಇನ್ನೂ ಬದುಕಿರುವ ಸಾಧ್ಯತೆ ಹೆಚ್ಚು. ಏನೂ ತಿನ್ನದಿದ್ದರೂ ನಡುರಾತ್ರಿ ಎಬ್ಬಿಸುವ ನೋವು, ವಸಡಿನ ಮೇಲಿನ ಕೀವುಗುಳ್ಳೆ, ಕೆನ್ನೆಯ ಬಾವು ಇದ್ದರೆ ಕಾಲ ಮೀರಿದೆ ಎಂದರ್ಥ. ಹಲ್ಲು ತೆರೆದ ಮೇಲೂ ಒಂದು ಪರೀಕ್ಷೆಯಿದೆ. ಮೇಲಿನ ತಿರುಳು ತೆಗೆದಾಗ ಬರುವ ರಕ್ತ ಹತ್ತಿಯಿಂದ ಒತ್ತಿದರೆ ಕೆಲ ನಿಮಿಷಗಳಲ್ಲಿ ನಿಲ್ಲಬೇಕು. ನಿಲ್ಲದಿದ್ದರೆ ಬೇರಿನೊಳಗೂ ರೋಗ ಇಳಿದಿದೆ. ಇನ್ನು ಉಳಿಸಲಾಗದಷ್ಟು ಕೆಟ್ಟ ಹಲ್ಲನ್ನು ಕೀಳಲೇಬೇಕು. ಆಗ ಖಾಲಿ ಜಾಗ ಕಾಯಲು ತಂತಿಯ ಉಂಗುರವೊಂದನ್ನು ಕೂರಿಸುತ್ತಾರೆ.

ಸ್ಟೀಲಿನ ಟೊಪ್ಪಿಗೆ

ಒಳಗಿನ ಮದ್ದು ಎಷ್ಟೇ ಒಳ್ಳೆಯದಿದ್ದರೂ ಮೇಲಿನ ಮುಚ್ಚಳ ಸರಿಯಿಲ್ಲದಿದ್ದರೆ ಎಲ್ಲವೂ ವ್ಯರ್ಥ. 1950ರಲ್ಲಿ ಅಮೆರಿಕದ ಹಂಫ್ರಿ ಎಂಬ ವೈದ್ಯ ಮಕ್ಕಳ ದವಡೆ ಹಲ್ಲಿಗೆ ತಯಾರಾಗಿಯೇ ಬರುವ ಸ್ಟೀಲಿನ ಕ್ಯಾಪನ್ನು ಬಳಕೆಗೆ ತಂದ. 1943ರಲ್ಲಿ ಸ್ವೀಡನ್ನಿನ ಲೋಫ್‌ಗ್ರೆನ್ ತಯಾರಿಸಿದ ಲಿಗ್ನೊಕೇನ್ ಎಂಬ ಅರಿವಳಿಕೆ ಮದ್ದು, 1957ರಲ್ಲಿ ಬಂದ ಗಾಳಿಯ ವೇಗದ ಕೊರೆಯುವ ಯಂತ್ರ, ಇವೆರಡೂ ಸೇರಿ ಮಗುವಿನ ಕುರ್ಚಿಯ ಭಯವನ್ನು ಅರ್ಧ ಇಳಿಸಿದವು. ಆ ಯಂತ್ರದ ಸದ್ದಿಗೆ ಬೆಚ್ಚುವುದು ಬೇರೆ ಮಾತು.

ಆ ಸದ್ದೂ ಬೇಡ ಎಂದವರು ಸ್ಕಾಟ್ಲೆಂಡಿನ ಸಾಮಾನ್ಯ ದಂತವೈದ್ಯೆ ನೋರ್ನಾ ಹಾಲ್. ಅವರು ವರ್ಷಗಟ್ಟಲೆ ಹುಳುಕನ್ನು ಕೊರೆಯದೆ, ಸೂಜಿಯನ್ನೂ ಚುಚ್ಚದೆ, ಅದರ ಮೇಲೆಯೇ ಸ್ಟೀಲಿನ ಕ್ಯಾಪ್ ಅಂಟಿಸಿ ಕಳಿಸುತ್ತಿದ್ದರು. ಶಾಸ್ತ್ರ ಓದಿದವರಿಗೆ ಇದು ಅಪಚಾರದಂತೆ ಕಂಡಿತು. ಆದರೆ ಅವರ ದಾಖಲೆಗಳನ್ನು ತೆಗೆದು ನೋಡಿದರೆ ಹಲ್ಲುಗಳು ಚೆನ್ನಾಗಿಯೇ ಉಳಿದಿದ್ದವು. 2007ರಲ್ಲಿ 132 ಮಕ್ಕಳ ಮೇಲಿನ ಹೋಲಿಕೆಯ ಅಧ್ಯಯನವೂ ಅವರ ಕ್ರಮವನ್ನು ಎತ್ತಿಹಿಡಿಯಿತು. ಗುಟ್ಟು ಇಷ್ಟೇ: ಬಿಗಿಯಾಗಿ ಮುಚ್ಚಿದರೆ ಒಳಗಿನ ಸೂಕ್ಷ್ಮಜೀವಿಗಳಿಗೆ ಸಕ್ಕರೆ ಸಿಗದೆ ಅವು ಸೊರಗುತ್ತವೆ. ಇದಕ್ಕೊಂದು ಷರತ್ತೂ ಇದೆ. ಹುಳುಕು ತಿರುಳು ಮುಟ್ಟುವ ಮುನ್ನ ಮಾತ್ರ ಇದು ಸಾಧ್ಯ.

ಇನ್ನೂ ಅಗ್ಗದ ದಾರಿ ಜಪಾನಿನದು. ಅಲ್ಲಿ 1970ರಲ್ಲಿ ಒಪ್ಪಿಗೆ ಪಡೆದ ಸಿಲ್ವರ್ ಡಯಮೈನ್ ಫ್ಲೋರೈಡ್ ಎಂಬ ದ್ರಾವಣವನ್ನು ಹುಳುಕಿಗೆ ಹಚ್ಚಿದರೆ ಅದು ಅಲ್ಲಿಗೇ ನಿಲ್ಲಬಹುದು. ಹಲ್ಲು ಕಪ್ಪಾಗುತ್ತದೆ, ಆದರೆ ಉಳಿಯುತ್ತದೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ತನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಇದೂ ತಿರುಳು ಕೆಡುವ ಮುಂಚಿನ ಮದ್ದೇ.

ಸತ್ತೂರಿನವರೆಗೆ

ಭಾರತದ ಮೊದಲ ದಂತ ಕಾಲೇಜನ್ನು ಡಾ. ರಫಿಯುದ್ದೀನ್ ಅಹ್ಮದ್ ಕಲ್ಕತ್ತೆಯಲ್ಲಿ 1920ರಲ್ಲಿ ಆರಂಭಿಸಿದರು. 1948ರ ದಂತವೈದ್ಯರ ಕಾಯ್ದೆ ಈ ವೃತ್ತಿಗೆ ನೋಂದಣಿಯ ಚೌಕಟ್ಟು ಕೊಟ್ಟಿತು. ಕರ್ನಾಟಕದಲ್ಲಿ ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರದು. ಮಣಿಪಾಲದ್ದು 1965, ದಾವಣಗೆರೆಯ ಬಾಪೂಜಿ ಕಾಲೇಜು 1979, ಬೆಳಗಾವಿಯ ಕೆ.ಎಲ್.ಇ. ಸಂಸ್ಥೆಯದು 1985. ಮರುವರ್ಷ, 1986ರಲ್ಲಿ, ಡಾ. ವೀರೇಂದ್ರ ಹೆಗ್ಗಡೆಯವರ ನೇತೃತ್ವದ ಧರ್ಮಸ್ಥಳ ಮಂಜುನಾಥೇಶ್ವರ ಸಂಸ್ಥೆ ಧಾರವಾಡಕ್ಕೆ ದಂತ ಕಾಲೇಜನ್ನು ತಂದಿತು. ಸತ್ತೂರಿನ ಆ ಆವರಣಕ್ಕೆ 2003ರಲ್ಲಿ ವೈದ್ಯಕೀಯ ಕಾಲೇಜು ಸೇರಿತು. 2018ರಲ್ಲಿ ಸಂಸ್ಥೆ ವಿಶ್ವವಿದ್ಯಾಲಯವಾಯಿತು. ಮಕ್ಕಳ ದಂತವೈದ್ಯವೇ ಒಂದು ಪ್ರತ್ಯೇಕ ಸ್ನಾತಕೋತ್ತರ ವಿಷಯವಾಗಿರುವುದರಿಂದ, ಬಕ್ಲಿಯ ಮದ್ದಿನಿಂದ ತೊರಾಬಿನೆಜಾದರ ಸಿಮೆಂಟಿನವರೆಗಿನ ಕಥೆ ಇಂದು ಈ ಭಾಗದ ವಿದ್ಯಾರ್ಥಿಗಳಿಗೆ ಪಠ್ಯವಾಗಿದೆ.

ಹೀಗೆ ವಿದ್ಯೆ ಊರ ಬಾಗಿಲಿಗೆ ಬಂದಿದೆ. ರೋಗ ಮಾತ್ರ ಅದಕ್ಕಿಂತ ಮುಂಚೆಯೇ ಮನೆಯೊಳಗೆ ಬಂದು ಕೂತಿದೆ. ಭಾರತೀಯ ದಂತ ಪರಿಷತ್ತು 2002–03ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಐದು ವರ್ಷದ ಮಕ್ಕಳಲ್ಲಿ ಶೇ. 51.9ರಷ್ಟು ಮಂದಿಗೆ ಹುಳುಕು ಹಲ್ಲಿತ್ತು. ಅಂದರೆ ಶಾಲೆಯ ಮೆಟ್ಟಿಲು ಹತ್ತುವ ಇಬ್ಬರು ಮಕ್ಕಳಲ್ಲಿ ಒಬ್ಬರಿಗೆ. ಹುಳುಕು ಹಲ್ಲಿನ ಮಗು ಒಂದೇ ಬದಿಯಲ್ಲಿ ಅಗಿಯುತ್ತದೆ, ಗಟ್ಟಿ ಆಹಾರ ಬಿಡುತ್ತದೆ, ನಿದ್ದೆಗೆಟ್ಟು ಶಾಲೆ ತಪ್ಪಿಸುತ್ತದೆ. ಊಟ ಮಾಡವಲ್ದು ಎಂದು ತಾಯಿ ಬೈಯುತ್ತಾಳೆ. ಏಕೆಂದು ಹೇಳಲು ಮಗುವಿಗೆ ಬರುವುದಿಲ್ಲ.

ಧಾರವಾಡದವರಿಗೆ ಪೇಡಾ ತಿನ್ನಬೇಡಿ ಎಂದು ಹೇಳುವ ಧೈರ್ಯ ಯಾರಿಗೂ ಇಲ್ಲ, ಅದರ ಅಗತ್ಯವೂ ಇಲ್ಲ. ಎಷ್ಟು ತಿಂದೆವು ಎನ್ನುವುದರಷ್ಟೇ ಎಷ್ಟು ಸಲ ತಿಂದೆವು ಎಂಬುದೂ ಮುಖ್ಯ. ಊಟದ ಜೊತೆ ಒಂದು ಪೇಡಾ ತಿಂದು ಬಾಯಿ ಮುಕ್ಕಳಿಸುವ ಮಗುವಿಗಿಂತ, ಇಡೀ ದಿನ ಬಿಸ್ಕಿಟು, ಚಾಕಲೇಟು ಚಪ್ಪರಿಸುವ ಮಗುವಿನ ಹಲ್ಲು ಬೇಗ ಕೆಡುತ್ತದೆ. ರಾತ್ರಿ ಬಾಯಲ್ಲಿ ಹಾಲಿನ ಬಾಟಲಿಯಿಟ್ಟೇ ಮಲಗಿಸುವುದು ಇನ್ನೂ ಅಪಾಯ. ಹಲ್ಲು ಮೂಡಿದ ದಿನದಿಂದಲೇ ಫ್ಲೋರೈಡ್ ಇರುವ ಪೇಸ್ಟನ್ನು ಅಕ್ಕಿಕಾಳಿನಷ್ಟು ಹಚ್ಚಿ ಉಜ್ಜಬೇಕು. ಮೂರು ವರ್ಷ ತುಂಬಿದ ಮೇಲೆ ಬಟಾಣಿಯಷ್ಟು. ಉಜ್ಜುವ ಕೈ ದೊಡ್ಡವರದಾಗಿರಬೇಕು.

ಮೊದಲ ವರ್ಷ ತುಂಬುವ ಹೊತ್ತಿಗೇ ಮಗುವಿನ ಬಾಯಿಯನ್ನು ದಂತವೈದ್ಯರಿಗೆ ತೋರಿಸಬೇಕೆಂಬುದು ಇಂದಿನ ಸಲಹೆ. ನಮ್ಮಲ್ಲಿ ಬಹುತೇಕ ಮಕ್ಕಳು ಅಲ್ಲಿಗೆ ಮೊದಲ ಸಲ ಹೋಗುವುದು ಕೆನ್ನೆ ಊದಿದ ಮೇಲೆ. ಕಪ್ಪು ಚುಕ್ಕೆ ಕಂಡಾಗಲೇ ಹೋದರೆ ಹಚ್ಚುವ ಮದ್ದಿನಲ್ಲೋ ಸಣ್ಣ ತುಂಬುವಿಕೆಯಲ್ಲೋ ಮುಗಿಯುವ ಕೆಲಸ, ತಡವಾದಷ್ಟೂ ಪಲ್ಪಾಟಮಿಗೆ, ಬೇರಿನ ಚಿಕಿತ್ಸೆಗೆ, ಕೊನೆಗೆ ಕೀಳುವುದಕ್ಕೆ ಇಳಿಯುತ್ತದೆ. ಖರ್ಚೂ ಮಗುವಿನ ಅಳುವೂ ಅದೇ ಕ್ರಮದಲ್ಲಿ ಏರುತ್ತವೆ.

ಹಾಲುಹಲ್ಲು ಹೇಗೂ ಬೀಳುತ್ತದೆ, ನಿಜ. ತನ್ನ ಕಾಲಕ್ಕೆ, ಕೆಳಗಿನ ಹಲ್ಲು ಮೆಲ್ಲನೆ ದೂಡಿದಾಗ, ನೋವಿಲ್ಲದೆ ಬೀಳಬೇಕು. ಹನ್ನೊಂದು ವರ್ಷದ ಹುಡುಗಿ ತನ್ನ ಕೊನೆಯ ದವಡೆ ಹಲ್ಲನ್ನು, ಬೇಕಿದ್ದರೆ ಅದರ ಸ್ಟೀಲಿನ ಟೊಪ್ಪಿಗೆಯ ಸಮೇತ, ಮಾಳಿಗೆಯ ಮೇಲೆ ಎಸೆಯುವಂತಾಗಲಿ.